ಬಿಸಿನೀರಿನ ಕುಂಡಕ್ಕೆ ಇಳಿಯುವ ಮುನ್ನ: ಎಷ್ಟು ಬಿಸಿ, ಎಷ್ಟು ಹೊತ್ತು, ಯಾರು ಇಳಿಯಬಾರದು

ಬದರಿನಾಥನ ದರ್ಶನಕ್ಕೆ ಮೊದಲು ತಪ್ತಕುಂಡದಲ್ಲಿ ಮುಳುಗು ಹಾಕುವುದು ರೂಢಿ. ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರ, ನಸುಕಿನ ಕೊರೆಯುವ ಚಳಿ, ಖಾಲಿ ಹೊಟ್ಟೆ, ಎರಡು ದಿನ ಬಸ್ಸಿನಲ್ಲಿ ಕೂತು ಹಣ್ಣಾದ ಮೈ. ಎದುರಿಗೆ ಹಬೆಯಾಡುವ ನೀರು. ಬಿ.ಪಿ. ಮಾತ್ರೆ ನುಂಗಿ ಬಂದ ಅರವತ್ತೈದರ ಯಜಮಾನರು ‘ಆಹಾ’ ಎಂದು ಕುತ್ತಿಗೆವರೆಗೆ ಇಳಿದು ಕಾಲು ಗಂಟೆ ಕೂತು, ದಿಢೀರನೆ ಎದ್ದು ನಿಂತರೆ ಕಣ್ಣು ಕತ್ತಲಿಟ್ಟು ಕಲ್ಲಿನ ಮೆಟ್ಟಿಲ ಮೇಲೆ ಬೀಳುವುದಕ್ಕೆ ಬೇಕಾದ ಎಲ್ಲವೂ ಅಲ್ಲಿ ಒಟ್ಟಿಗೆ ಕೂಡಿರುತ್ತದೆ. ನೀರಿನಲ್ಲಿ ದೋಷವಿಲ್ಲ, ಇಳಿದ ರೀತಿಯಲ್ಲಿದೆ.

ಬುಗ್ಗೆಯ ನೀರಿನ ಬಗ್ಗೆ ನಮ್ಮಲ್ಲಿ ಎರಡು ಮಾತು ಓಡಾಡುತ್ತವೆ. ಗಂಧಕದ ನೀರು, ಮಂಡಿನೋವು ಕಜ್ಜಿ ಎಲ್ಲಾ ಮಾಯ ಎನ್ನುವವರು ಒಂದು ಕಡೆ. ಅದೆಲ್ಲ ಬರೀ ನಂಬಿಕೆ ಎನ್ನುವವರು ಇನ್ನೊಂದು ಕಡೆ. ಇಬ್ಬರದೂ ಅರ್ಧ ಸತ್ಯ. ಅಲ್ಲಿ ಒಳ್ಳೆಯದು ಮಾಡುವುದು ಬಹುಪಾಲು ಬಿಸಿ ಮತ್ತು ನೀರಿನ ಒತ್ತಡ. ಕೆಡುಕು ಮಾಡುವುದೂ ಅವೇ, ಜೊತೆಗೆ ನಿಂತ ನೀರು. ಹಾಗಾಗಿ ಕುಂಡದ ಮುಂದೆ ನಿಂತು ‘ಯಾವ ಕಾಯಿಲೆ ವಾಸಿಯಾಗುತ್ತೆ’ ಎಂದು ಕೇಳುವುದಕ್ಕಿಂತ ‘ಎಷ್ಟು ಬಿಸಿ ಇದೆ, ಎಷ್ಟು ಹೊತ್ತು ಕೂರಬಹುದು, ನೀರು ಹರಿಯುತ್ತಿದೆಯಾ’ ಎಂದು ಕೇಳುವುದು ಉಪಯೋಗಕ್ಕೆ ಬರುತ್ತದೆ.

ನೀರೊಳಗೆ ಮೈಗೆ ಏನಾಗುತ್ತದೆ

ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳುವ ಮೈಭಾರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕುತ್ತಿಗೆವರೆಗೆ ಇದ್ದರೆ ಹತ್ತರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ. ಸವೆದ ಮಂಡಿಗೆ ನೀರಿನಲ್ಲಿ ಹಾಯೆನಿಸುವುದು ಇದಕ್ಕೇ. ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬಿಗಿದ ಸ್ನಾಯು ಸಡಿಲವಾಗುತ್ತದೆ, ನೋವು ತಗ್ಗುತ್ತದೆ. ಮಂಡಿ ಸವೆತ, ಬಹಳ ದಿನದ ಸೊಂಟನೋವು, ಮೈಯೆಲ್ಲ ನೋಯುವ ಫೈಬ್ರೋಮಯಾಲ್ಜಿಯ, ಈ ಮೂರರಲ್ಲಿ ಸ್ವಲ್ಪಮಟ್ಟಿಗೆ ಉಪಶಮನ ಸಿಗುತ್ತದೆ ಎಂದು ಪರೀಕ್ಷೆಗಳು ಹೇಳುತ್ತವೆ. ಆದರೆ ಆ ಪರೀಕ್ಷೆಗಳಲ್ಲಿ ಜನ ಎರಡು ಮೂರು ವಾರ ನಿತ್ಯ ನೀರಿಗಿಳಿದಿರುತ್ತಾರೆ. ಯಾತ್ರೆಯಲ್ಲಿ ಒಂದು ಮುಳುಗು ಹಾಕಿ ಬಂದರೆ ಆ ದಿನದ ದಣಿವು ಇಳಿಯುತ್ತದೆ, ಸಂಧಿವಾತ ಇಳಿಯುವುದಿಲ್ಲ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು 40 ಡಿಗ್ರಿಯ ನೀರಿನಲ್ಲಿ ಹತ್ತು ನಿಮಿಷ ಕೂತರೆ ನಿದ್ದೆ ಬೇಗ ಹತ್ತುತ್ತದೆ; ಇದು ಸಾಕಷ್ಟು ಗಟ್ಟಿಯಾಗಿ ತಿಳಿದ ಸಂಗತಿ.

ಗಂಧಕ ಚರ್ಮದ ಮೇಲಿನ ಒರಟು ಪದರವನ್ನು ಮೆತ್ತಗೆ ಮಾಡುತ್ತದೆ. ಸೋರಿಯಾಸಿಸ್ ಇರುವವರಿಗೆ ಹಪ್ಪಳೆ ಉದುರಿ ಸ್ವಲ್ಪ ಹಿತವಾಗಬಹುದು. ಅದೇ ನೀರು ಒಣ ಚರ್ಮದ ಎಸ್ಜಿಮಾ ಇರುವವರಿಗೆ ಉರಿ ಕೊಡುತ್ತದೆ.

ಇನ್ನು ಕಣ್ಣಿಗೆ ಕಾಣದ ಭಾಗ. ಕುತ್ತಿಗೆವರೆಗೆ ಮುಳುಗಿದಾಗ ನೀರಿನ ಒತ್ತಡ ಕಾಲು ಮತ್ತು ಹೊಟ್ಟೆಯ ರಕ್ತವನ್ನು ಎದೆಗೂಡಿಗೆ ತಳ್ಳುತ್ತದೆ, ಹತ್ತಿರ ಹತ್ತಿರ 700 ಮಿ.ಲೀ.ನಷ್ಟು. ಗಟ್ಟಿ ಹೃದಯ ಇದನ್ನು ನಿಭಾಯಿಸುತ್ತದೆ, ಸೋತ ಹೃದಯಕ್ಕೆ ಕಷ್ಟ. ಇತ್ತ ಬಿಸಿಗೆ ರಕ್ತನಾಳ ಹಿಗ್ಗಿ ಬಿ.ಪಿ. ಇಳಿದಿರುತ್ತದೆ, ಬೆವರು ನೀರಿನಲ್ಲಿ ಗೊತ್ತಾಗದೆ ಹರಿದಿರುತ್ತದೆ, ಮೂತ್ರವೂ ಜಾಸ್ತಿ ಆಗಿರುತ್ತದೆ. ಎದ್ದು ನಿಂತ ಕ್ಷಣ ನೀರಿನ ಒತ್ತಡ ತಪ್ಪಿ ರಕ್ತ ಕಾಲಿಗೆ ಇಳಿಯುತ್ತದೆ. ತಲೆ ತಿರುಗುವುದು ಆಗಲೇ. ಆದ್ದರಿಂದ ಇಳಿಯುವುದಕ್ಕಿಂತ ಏಳುವುದರಲ್ಲಿ ಹೆಚ್ಚು ಜೋಪಾನ ಬೇಕು.

ಯಾರು ದಡದಲ್ಲೇ ಉಳಿಯಬೇಕು

ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದವರು, ಕೂತಲ್ಲೇ ಎದೆನೋವು ಬರುವವರು, ಹೃದಯದ ಕವಾಟ ತೀರಾ ಕಿರಿದಾದವರು, ಬಿ.ಪಿ. ಹತೋಟಿಗೆ ಬಾರದವರು, ಜ್ವರ ಇರುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವವರು, ಮೂರ್ಛೆರೋಗ ಇದ್ದು ಒಂಟಿಯಾಗಿ ಬಂದವರು, ಮೈಮೇಲೆ ತೆರೆದ ಗಾಯವಿರುವವರು ಇಳಿಯುವುದು ಬೇಡ. ಕುಡಿದವರಂತೂ ಬೇಡವೇ ಬೇಡ. ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿ ಸಾಯುವವರ ಹಿನ್ನೆಲೆಯಲ್ಲಿ ಮದ್ಯ ಮತ್ತೆ ಮತ್ತೆ ಕಾಣುತ್ತದೆ.

ಬಸುರಿಯರು, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಕುಂಡದಲ್ಲಿ ಕೂರಬಾರದು. ತಾಯಿಯ ಒಳಮೈ 39 ಡಿಗ್ರಿ ಮುಟ್ಟಿದರೆ ಮಗುವಿನ ಬೆನ್ನುಹುರಿ ಸರಿಯಾಗಿ ಕೂಡಿಕೊಳ್ಳದೆ ಹೋಗುವ ಸಂಭವ ಹೆಚ್ಚುತ್ತದೆ. ಐದು ವರ್ಷದೊಳಗಿನ ಮಕ್ಕಳನ್ನೂ ಇಳಿಸಬೇಡಿ. ಅವರ ಮೈ ನಮ್ಮದಕ್ಕಿಂತ ಬೇಗ ಕಾಯುತ್ತದೆ, ಚರ್ಮ ತೆಳು, ನೀರು ಕುಡಿಯುವುದೂ ಹೆಚ್ಚು.

ಸಕ್ಕರೆ ಕಾಯಿಲೆಯವರದು ಬೇರೆಯೇ ಲೆಕ್ಕ. ಪಾದ ಜೋಮು ಹಿಡಿದಿದ್ದರೆ 50 ಡಿಗ್ರಿಯ ನೀರೂ ‘ಹದವಾಗಿದೆ’ ಎನಿಸುತ್ತದೆ, ಬೊಬ್ಬೆ ಎದ್ದದ್ದು ಸಂಜೆ ಸಾಕ್ಸ್ ಬಿಚ್ಚಿದಾಗಲೇ ತಿಳಿಯುವುದು. ನೀರು ಪರೀಕ್ಷಿಸಲು ಕಾಲು ಬಳಸಬೇಡಿ. ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ ಬಿಸಿನೀರಿಗೆ ಇಳಿದರೆ ಔಷಧ ಬೇಗ ರಕ್ತಕ್ಕೆ ಸೇರಿ ಸಕ್ಕರೆ ದಿಢೀರ್ ಕುಸಿಯಬಹುದು. ಚುಚ್ಚಿಕೊಂಡ ಮೇಲೆ ತಿಂಡಿ ತಿಂದು, ಒಂದೂವರೆ ಎರಡು ಗಂಟೆ ಬಿಟ್ಟು ಇಳಿಯಿರಿ. ಬೆಲ್ಲದ ಚೂರೋ ಗ್ಲೂಕೋಸ್ ಪುಡಿಯೋ ದಡದಲ್ಲಿ ಕೈಗೆ ಸಿಗುವಂತಿರಲಿ. ನೋವಿಗೆ, ಎದೆನೋವಿಗೆ ಚರ್ಮಕ್ಕೆ ಅಂಟಿಸುವ ಔಷಧದ ಪಟ್ಟಿಗಳಿಗೂ ಇದೇ ಮಾತು: ಬಿಸಿಗೆ ಔಷಧ ಹೆಚ್ಚು ಇಳಿಯುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ನಾಲಿಗೆ ಕೆಳಗಿಡುವ ನೈಟ್ರೇಟ್, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ಡಾಕ್ಟರನ್ನು ಒಂದು ಮಾತು ಕೇಳಿಬಿಡಿ. ಮಕ್ಕಳಾಗಲಿ ಎಂದು ಹರಕೆ ಹೊತ್ತು ಬರುವ ಗಂಡಸರಿಗೆ ಒಂದು ವಿಷಯ: ದಿನಾ ಬಿಸಿನೀರಲ್ಲಿ ಕೂತರೆ ವೀರ್ಯಾಣುಗಳ ಸಂಖ್ಯೆ ತಗ್ಗುತ್ತದೆ. ಅದು ಸರಿಹೋಗಲು ಎರಡು ಮೂರು ತಿಂಗಳು ಬೇಕು.

ಚೀಲದಲ್ಲಿ ಏನಿರಲಿ

ಮಗುವಿನ ಸ್ನಾನದ ನೀರು ನೋಡುವ ಥರ್ಮಾಮೀಟರ್, ಅಥವಾ ಅಡುಗೆಮನೆಯದು. ಜ್ವರ ನೋಡುವುದು ಇಲ್ಲಿ ಕೆಲಸಕ್ಕೆ ಬಾರದು. ಅದು 42ಕ್ಕೆ ಮುಗಿದುಹೋಗುತ್ತದೆ. ಅರ್ಧ ಲೀಟರಿನ ಎರಡು ಬಾಟಲಿ ಕುಡಿಯುವ ನೀರು, ಒಂದು ಪೊಟ್ಟಣ ಓಆರ್‌ಎಸ್, ಜಾರದ ರಬ್ಬರ್ ಚಪ್ಪಲಿ, ಪ್ಲಾಸ್ಟಿಕ್ ಚೊಂಬು, ಒಣ ಟವೆಲ್, ಕಿವಿ ಮುಚ್ಚುವ ಟೋಪಿ. ಈಜುವವರು ಬಳಸುವ ಮೂಗಿನ ಕ್ಲಿಪ್ಪೂ ಇದ್ದರೆ ಚೆನ್ನ, ಕಾರಣ ಮುಂದೆ ಹೇಳುತ್ತೇವೆ. ಹಳೇ ಬಟ್ಟೆ ಹಾಕಿ. ಕಬ್ಬಿಣದಂಶದ ನೀರು ಬಿಳಿ ಪಂಚೆಗೆ ಹಿಡಿಸುವ ಕಂದು ಕಲೆ ಹೋಗುವುದಿಲ್ಲ.

ಬೆಳ್ಳಿಯದನ್ನೆಲ್ಲ ರೂಮಿನಲ್ಲೇ ಬಿಚ್ಚಿಡಿ. ಕೊಳೆತ ಮೊಟ್ಟೆಯ ವಾಸನೆ ಇರುವ ನೀರಿಗೆ ಕಾಲುಂಗುರ, ಗೆಜ್ಜೆ, ಉಡಿದಾರ ಬಿದ್ದರೆ ಕೆಲವೇ ನಿಮಿಷಗಳಲ್ಲಿ ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪಾಗುತ್ತದೆ. ಗಂಧಕ ಬೆಳ್ಳಿಯೊಡನೆ ಕೂಡಿ ಮೂಡುವ ಪೊರೆ ಅದು. ‘ಮೈಯ ವಿಷ ಎಳೆಯಿತು’ ಎಂದು ಅಂಗಡಿಯವನು ಹೇಳಿದರೆ ನಂಬಬೇಡಿ. ಕಾಲುಂಗುರ ಬಿಚ್ಚುವುದಿಲ್ಲ ಎನ್ನುವವರು ಮನೆಗೆ ಬಂದು ಹೀಗೆ ಮಾಡಿ: ಸ್ಟೀಲ್ ಬೋಗುಣಿಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಅದಕ್ಕೆ ತಾಗುವಂತೆ ಬೆಳ್ಳಿ ಇಟ್ಟು, ಒಂದು ದೊಡ್ಡ ಚಮಚ ಅಡುಗೆ ಸೋಡಾ ಉದುರಿಸಿ, ಕುದಿಯುವ ನೀರು ಹೊಯ್ಯಿರಿ. ಐದು ನಿಮಿಷದಲ್ಲಿ ಕಪ್ಪು ಫಾಯಿಲಿಗೆ ಹೋಗುತ್ತದೆ. ಕಲ್ಲು, ಮುತ್ತು ಕೂರಿಸಿದ ಒಡವೆಗೆ ಇದು ಬೇಡ.

ಕುಂಡದ ಬಳಿ, ಒಂದೊಂದಾಗಿ

1. ಮೊದಲು ಹತ್ತು ನಿಮಿಷ ಸುಮ್ಮನೆ ನೋಡಿ. ಬುಗ್ಗೆ ಎಲ್ಲಿ ಏಳುತ್ತದೆ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ? ಒಂದು ಕಡೆ ಬಂದು ಇನ್ನೊಂದು ಕಡೆ ತುಂಬಿ ಹರಿಯುತ್ತಿದ್ದರೆ ಒಳ್ಳೆಯದು. ತಳ ಕಾಣದಷ್ಟು ಕದಡಿದ್ದರೆ, ಮೇಲೆ ಸೋಪಿನ ನೊರೆ, ಎಣ್ಣೆ, ಹೂವಿನ ಕೊಳೆ ತೇಲುತ್ತಿದ್ದರೆ, ಅಂಚಿನಲ್ಲಿ ಲೋಳೆ ಕಟ್ಟಿದ್ದರೆ ಆ ತೊಟ್ಟಿ ಬಿಡಿ. ಯಮುನೋತ್ರಿಯ ಸೂರ್ಯಕುಂಡ, ಹಿಮಾಚಲದ ಮಣಿಕರಣ್‌ನ ಮೂಲ ಬುಗ್ಗೆಗಳು ಸ್ನಾನಕ್ಕಲ್ಲ. ಅಲ್ಲಿ ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟ ಅಕ್ಕಿ, ಆಲೂಗಡ್ಡೆ ಬೇಯುತ್ತವೆ. ಸ್ನಾನದ ತೊಟ್ಟಿ ಬೇರೆಯೇ ಇರುತ್ತದೆ. ಒದ್ದೆ ಬಂಡೆ, ಹಬೆಯೇಳುವ ಬಿರುಕುಗಳ ಹತ್ತಿರ ಮಕ್ಕಳ ಕೈ ಬಿಡಬೇಡಿ.

2. ಬಿಸಿ ಅಳೆಯಿರಿ, ಒಂದು ಕಡೆಯಲ್ಲ, ಮೂರು ಕಡೆ: ನೀರು ಬೀಳುವ ಬಾಯಿ, ನಡುವೆ, ನೀವು ಕೂರುವ ಜಾಗ. ಬಾಯಿಯ ಹತ್ತಿರ ಐದಾರು ಡಿಗ್ರಿ ಹೆಚ್ಚಿರುವುದು ಮಾಮೂಲು. ಥರ್ಮಾಮೀಟರ್ ಇಲ್ಲದಿದ್ದರೆ ಬಾಣಂತಿ, ಮಗುವಿಗೆ ನೀರು ಹಾಕುವ ಅಜ್ಜಿಯರು ಮಾಡುವಂತೆ ಮೊಣಕೈ ಅದ್ದಿ ಹತ್ತು ಎಣಿಸಿ. ಅಷ್ಟರೊಳಗೆ ಎಳೆದುಕೊಂಡರೆ ಆ ನೀರು ಕೂರುವುದಕ್ಕಲ್ಲ. ಅಂಗೈ ನಂಬಬೇಡಿ, ದಪ್ಪ ಚರ್ಮ, ಒಲೆ ಪಾತ್ರೆ ಹಿಡಿದು ಪಳಗಿದ್ದು.

3. ಹೊರಗಿನ ನಲ್ಲಿಯಲ್ಲಿ ಸೋಪು ಹಚ್ಚಿ ಮೈ ತೊಳೆದು ಬನ್ನಿ. ಕುಂಡದೊಳಗೆ ಸೋಪು, ಶಾಂಪೂ, ಬಟ್ಟೆ ಒಗೆಯುವುದು ಯಾವುದೂ ಬೇಡ. ಜಪಾನಿನ ಸ್ನಾನಗೃಹಗಳಲ್ಲಿ ತೊಳೆಯದೆ ಇಳಿದವರನ್ನು ಎಬ್ಬಿಸಿ ಕಳಿಸುತ್ತಾರೆ. ನಮ್ಮ ತೀರ್ಥಗಳಲ್ಲಿ ಆ ಶಿಸ್ತು ಬರಲು ಏನು ಅಡ್ಡಿಯೋ ಗೊತ್ತಿಲ್ಲ.

4. ಅದೇ ನೀರನ್ನು ಚೊಂಬಿನಲ್ಲಿ ತೆಗೆದು ಪಾದದಿಂದ ಶುರುಮಾಡಿ ಮಂಡಿ, ಸೊಂಟ, ತೋಳು, ಕೊನೆಗೆ ಹೆಗಲು, ಹೀಗೆ ಏಳೆಂಟು ಚೊಂಬು ಸುರಿದುಕೊಳ್ಳಿ. ಚಳಿಯಲ್ಲಿ ಬಿಗಿದಿದ್ದ ರಕ್ತನಾಳ ನಿಧಾನ ಸಡಿಲವಾಗುತ್ತದೆ, ಬಿ.ಪಿ. ಏರಿಳಿತ ಕಡಿಮೆ. ನೇರ ಹಾರುವವರಿಗೆ ಆಗುವ ‘ಎದೆ ಹಿಡಿದಂತೆ’ ಅನುಭವ ಇದರಿಂದ ತಪ್ಪುತ್ತದೆ.

5. ಮೆಟ್ಟಿಲ ಮೇಲೆ ಕೂತು ಕಾಲಷ್ಟೇ ಎರಡು ನಿಮಿಷ ಬಿಡಿ. ಆಮೇಲೆ ಸೊಂಟದವರೆಗೆ. ಮೊದಲ ಸಲಕ್ಕೆ, ಅರವತ್ತು ದಾಟಿದವರಿಗೆ, ಬಿ.ಪಿ. ಇರುವವರಿಗೆ ಅಷ್ಟೇ ಸಾಕು, ಎದೆ ಹೊರಗಿರಲಿ. ಉಳಿದವರು ಹೆಗಲವರೆಗೆ ಇಳಿಯಬಹುದು.

6. ಹೊತ್ತು ನೋಡಿಕೊಳ್ಳಿ. 36ರಿಂದ 38 ಡಿಗ್ರಿ ಇದ್ದರೆ 20 ನಿಮಿಷ. 39–40ಕ್ಕೆ 10ರಿಂದ 15. 41–42ಕ್ಕೆ 5, ತೀರಾ ಅಂದರೆ 8. 43 ದಾಟಿದರೆ ಕೂರುವ ಮಾತಿಲ್ಲ, ಚೊಂಬಿನಲ್ಲಿ ತಣ್ಣೀರು ಬೆರೆಸಿ ಸುರಿದುಕೊಳ್ಳಿ. ಮನೆಯ ಬಿಸಿನೀರಿನ ತೊಟ್ಟಿಗಳಿಗೂ 40 ಡಿಗ್ರಿಯೇ ಮೇಲ್ಮಿತಿ ಎಂದು ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ. ಮುಂಬೈ ಹತ್ತಿರದ ವಜ್ರೇಶ್ವರಿ, ಗಣೇಶಪುರಿಯಲ್ಲಿ ಅಕ್ಕಪಕ್ಕದ ಎರಡು ಕುಂಡಗಳ ನಡುವೆಯೇ ಬಿಸಿ ಬೇರೆ ಬೇರೆ. ಎಲ್ಲ ಮುಟ್ಟಿ ನೋಡಿ, ಮಂದವಾದದ್ದನ್ನು ಆರಿಸಿ. ಎತ್ತರದ ಜಾಗಗಳಲ್ಲಿ ಈ ಹೊತ್ತನ್ನೂ ಅರ್ಧ ಮಾಡಿ, ತಲುಪಿದ ದಿನವೇ ಇಳಿಯದೆ ಒಂದು ರಾತ್ರಿ ಕಳೆಯಿರಿ.

7. ಹಣೆ ಮೇಲೆ ಬೆವರು ಕಿತ್ತುಬಂದರೆ, ನಾಡಿ ಕಿವಿಯಲ್ಲಿ ಬಡಿದಂತಾದರೆ, ಹೊಟ್ಟೆ ತೊಳಸಿದರೆ, ನಿಮಿಷ ಲೆಕ್ಕ ಬಿಟ್ಟು ಏಳುವ ಸಮಯ ಅದು.

8. ಏಳುವಾಗ: ಮೊದಲು ಮೆಟ್ಟಿಲ ಮೇಲೆ ಕೂತು ಮೈ ಅರ್ಧ ಹೊರಗಿಟ್ಟು ಒಂದೆರಡು ನಿಮಿಷ. ಕಾಲುಬೆರಳು ಆಡಿಸಿ, ಮೀನಖಂಡ ಬಿಗಿಹಿಡಿದು ಬಿಡಿ. ಆಮೇಲೆ ಸರಪಳಿಯೋ ಕಂಬಿಯೋ ಹಿಡಿದು ನಿಲ್ಲಿ. ಯಾರಾದರೂ ಕುಸಿದರೆ ಎತ್ತಿ ಕೂರಿಸಲು ಹೋಗಬೇಡಿ. ನೀರಿನಿಂದ ಹೊರಗೆಳೆದು ಮಲಗಿಸಿ, ಕಾಲು ಒಂದು ಅಡಿ ಮೇಲೆತ್ತಿ. ಎಚ್ಚರ ಬಂದ ಮೇಲೆ ನೀರು ಕೊಡಿ. ಒಂದು ನಿಮಿಷದಲ್ಲಿ ಎಚ್ಚರ ಬಾರದಿದ್ದರೆ ಅಥವಾ ಎದೆನೋವು ಎಂದರೆ 108ಕ್ಕೆ ಕರೆ ಮಾಡಿ.

ಬಿಸಿಯಿಂದೆದ್ದು ಬದರಿಯ ಪಕ್ಕದ ಅಲಕನಂದಾಗೋ ಮಣಿಕರಣ್ ಪಕ್ಕದ ಪಾರ್ವತಿ ನದಿಗೋ ಇಳಿಯುವ ಚಪಲ ಬೇಡ. ಹಿಮ ಕರಗಿದ ನೀರು ಮೈಗೆ ತಾಗಿದೊಡನೆ ಉಸಿರು ತಾನಾಗಿ ಒಳಗೆಳೆಯುತ್ತದೆ. ಆ ಸೆಳೆತದಲ್ಲಿ ಒಂದು ಗುಟುಕು ನೀರು ಸಾಕು.

ಸುಟ್ಟರೆ

60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಸುಮಾರು 5 ಸೆಕೆಂಡ್ ಸಾಕು, 55ಕ್ಕೆ ಅರ್ಧ ನಿಮಿಷ, 52ಕ್ಕೆ ಎರಡು ನಿಮಿಷ. ಮಕ್ಕಳಿಗೆ, ಮುದುಕರಿಗೆ ಇನ್ನೂ ಬೇಗ. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಗಡಿಯಾರ ನೋಡಿ, ಎರಡು ನಿಮಿಷಕ್ಕೇ ಸಾಕೆನಿಸುತ್ತದೆ. ಉಂಗುರ, ಬಳೆ ಊತ ಬರುವ ಮೊದಲೇ ತೆಗೆಯಿರಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಅರಿಸಿನ ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ, ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೋಗಿ.

ಮೂಗಿಗೆ ನೀರು ಹೋಗಬಾರದು

ಇದೊಂದನ್ನು ಮಾತ್ರ ಯಾವ ಕುಂಡದಲ್ಲೂ ಸಡಿಲಿಸಬೇಡಿ. ನೇಗ್ಲೇರಿಯಾ ಫೌಲೇರಿ ಎಂಬ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ, ಸುಮಾರು 46 ಡಿಗ್ರಿಯವರೆಗೂ ಹುಲುಸಾಗಿ ಬೆಳೆಯುತ್ತದೆ. ನುಂಗಿದರೆ ಏನೂ ಆಗದು. ಮೂಗಿನ ಮೇಲ್ತುದಿ ತಲುಪಿದರೆ ವಾಸನೆಯ ನರ ಹಿಡಿದು ಮಿದುಳಿಗೆ ಏರುತ್ತದೆ. ತೀರಾ ಅಪರೂಪ, ಆದರೆ ತಗುಲಿದವರಲ್ಲಿ ಉಳಿದವರು ಬೆರಳೆಣಿಕೆ. 1978ರಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದ ರೋಮನ್ ಸ್ನಾನಕೊಳದ ಬುಗ್ಗೆನೀರಿನಲ್ಲಿ ಈಜಿದ ಹುಡುಗಿಯೊಬ್ಬಳು ಇದರಿಂದ ತೀರಿಕೊಂಡಳು. ಅಲ್ಲಿ ಜನ ಮತ್ತೆ ಬುಗ್ಗೆಯ ನೀರಿಗಿಳಿದದ್ದು 2006ರಲ್ಲಿ, ಹೊಸ ಕೊಳವೆಬಾವಿ ತೋಡಿ ಹೊಸ ಕಟ್ಟಡ ಕಟ್ಟಿದ ಮೇಲೆ. ನ್ಯೂಜಿಲೆಂಡಿನ ಬಿಸಿಕೊಳಗಳ ಬಳಿ ‘ತಲೆ ಮುಳುಗಿಸಬೇಡಿ’ ಎಂಬ ಫಲಕ ಇರುವುದೂ ಇದಕ್ಕೇ. ನೆರೆಯ ಕೇರಳದಲ್ಲಿ 2024, 2025ರಲ್ಲಿ ಕೆರೆ, ಬಾವಿ ನೀರಿನಿಂದ ಮಿದುಳಿಗೆ ಅಮೀಬಾ ತಗುಲಿದ ಪ್ರಕರಣಗಳನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ.

ಇಲ್ಲೊಂದು ತಿರುಗುಮುರುಗು ಇದೆ. ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥದಂಥ ಜಾಗದಲ್ಲಿ ನೀರು ಮೈಬಿಸಿಯ ಆಸುಪಾಸಿನದು (ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರೇ). ಸುಡುವ ಭಯವಿಲ್ಲ, ಬಹಳ ಹೊತ್ತು ಕೂರಬಹುದು. ಆದರೆ ಇಂಥ ಹದವಾದ ಬಿಸಿ ಎಲ್ಲೇ ಆಗಲಿ ಸೂಕ್ಷ್ಮಜೀವಿಗಳಿಗೂ ಹಿತ, ಬೇಸಿಗೆಯಲ್ಲಿ ಹರಿವು ಕುಂದಿ ನೀರು ನಿಂತಾಗ ಇನ್ನೂ ಹಿತ. ಸುಡುವ ನೀರಿಗೆ ಹೆದರಿ ಬೆಚ್ಚಗಿನ ನೀರಿಗೆ ಸದರ ಕೊಡುವುದು ನಮ್ಮೆಲ್ಲರ ಅಭ್ಯಾಸ.

ಮುಳುಗು ಹಾಕಲೇಬೇಕೆಂದಿದ್ದರೆ ಮೂಗು ಗಟ್ಟಿಯಾಗಿ ಹಿಡಿದು ಹಾಕಿ, ತಳದ ಕೆಸರು ಕಲಕಬೇಡಿ. ಅದಕ್ಕಿಂತ ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳುವುದು ಮೇಲು, ಶಾಸ್ತ್ರಕ್ಕೂ ಕೊರತೆಯಿಲ್ಲ. ಬುಗ್ಗೆಯ ನೀರಿನಲ್ಲಿ ಜಲನೇತಿ (ಮೂಗಿನಲ್ಲಿ ನೀರು ಹಾಯಿಸಿ ತೊಳೆಯುವುದು) ಯಾವ ಕಾರಣಕ್ಕೂ ಬೇಡ.

ರೆಸಾರ್ಟುಗಳ ಗುಳ್ಳೆ ಏಳುವ ತೊಟ್ಟಿಯಲ್ಲಿ ಅಪಾಯ ಬೇರೆ. 20ರಿಂದ 45 ಡಿಗ್ರಿಯ ನೀರಿನಲ್ಲಿ ಬೆಳೆಯುವ ಲೀಜನೆಲ್ಲಾ ಬ್ಯಾಕ್ಟೀರಿಯ ತುಂತುರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕ್ಲೋರಿನ್ ಹಾಕುತ್ತೇವಲ್ಲ ಎಂದು ಅವರು ಹೇಳಬಹುದು. ಗಂಧಕದ ನೀರು ಕ್ಲೋರಿನ್ನನ್ನು ತಾನೇ ತಿಂದುಹಾಕುತ್ತದೆ. ಕ್ಲೋರಿನ್ ದಿನಕ್ಕೆ ಎಷ್ಟು ಸಲ ಅಳೆಯುತ್ತೀರಿ, ತೊಟ್ಟಿ ಯಾವಾಗ ಪೂರ್ತಿ ಖಾಲಿ ಮಾಡಿ ಉಜ್ಜಿದ್ದು ಎಂದು ಕೇಳಿ. ತಡವರಿಸಿದರೆ ಉತ್ತರ ಸಿಕ್ಕಿತು.

ವಾಸನೆ ನಿಂತರೆ ಹೊರಗೆ ಬನ್ನಿ

ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಬಯಲು ಕುಂಡದಲ್ಲಿ ಗಾಳಿಗೆ ಚದುರಿಹೋಗುತ್ತದೆ. ಕಿಟಕಿಯಿಲ್ಲದ ಸ್ನಾನದ ಕೋಣೆಯಲ್ಲಿ ಗಾಳಿಗಿಂತ ಭಾರವಾದ ಈ ಅನಿಲ ನೀರಿನ ಮಟ್ಟದಲ್ಲೇ, ನಿಮ್ಮ ಮೂಗಿನ ಎತ್ತರದಲ್ಲೇ ಕೂರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ಒಳಗೆ ಹೋದಾಗ ಇದ್ದ ವಾಸನೆ ಆಮೇಲೆ ಹೋಯಿತು ಎಂದರೆ ಗಾಳಿ ಶುದ್ಧವಾಯಿತು ಎಂದಲ್ಲ. ಬಾಗಿಲು ತೆರೆದಿಡಿ, ಕಣ್ಣು ಉರಿದರೆ, ತಲೆ ಭಾರವಾದರೆ ಹೊರಗೆ ಬನ್ನಿ.

ಕುಡಿಯುವ ವಿಷಯ ಒಂದೇ ಮಾತಿನಲ್ಲಿ: ತೀರ್ಥವೆಂದು ಒಂದು ಉದ್ಧರಣೆ ಬೇರೆ, ಬಾಟಲಿ ತುಂಬಿ ತಂದು ತಿಂಗಳುಗಟ್ಟಲೆ ಕುಡಿಯುವುದು ಬೇರೆ. ಆಳದ ಕಲ್ಲಿನಲ್ಲಿ ಕಾದು ಬರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಸಾಮಾನ್ಯ, ಕುದಿಸಿದರೆ ಅದು ಹೋಗುವುದಿಲ್ಲ. ಪಾವಗಡದ ಕಡೆಯವರಿಗೆ ಫ್ಲೋರೈಡ್ ಹಲ್ಲು, ಮೂಳೆಗಳಿಗೆ ಏನು ಮಾಡುತ್ತದೆಂದು ಹೇಳಿಕೊಡಬೇಕಿಲ್ಲ.

ಸ್ನಾನ ಆದ ಮೇಲೆ

ಬೆವರು ಆರುವ ಮೊದಲೇ ಒರೆಸಿ, ಕಿವಿ ಮುಚ್ಚಿ, ಅರ್ಧ ಲೀಟರ್ ನೀರು ಗುಟುಕು ಗುಟುಕಾಗಿ ಕುಡಿದು ಅರ್ಧ ಗಂಟೆ ಕೂರಿ. ಆಮೇಲೆ ಸರತಿ ಸಾಲು, ಬೆಟ್ಟ, ಡ್ರೈವಿಂಗ್. ಜನ ತುಂಬಿದ ಕುಂಡವಾಗಿದ್ದರೆ, ಚರ್ಮ ಸೂಕ್ಷ್ಮವಾಗಿದ್ದರೆ ಒಂದು ಬಕೆಟ್ ಶುದ್ಧ ನೀರು ಸುರಿದುಕೊಂಡು ಕೊಬ್ಬರಿ ಎಣ್ಣೆ ಸವರಿ. ಖನಿಜ ತೊಳೆದುಹೋಗುತ್ತದೆ ಎಂಬ ಚಿಂತೆ ಬೇಡ. ಒದ್ದೆ ಬಟ್ಟೆಯಲ್ಲಿ ಕೂರಬೇಡಿ. ಒಂದೆರಡು ದಿನದ ಮೇಲೆ ಬಟ್ಟೆ ಅಂಟಿದ್ದ ಕಡೆಯೇ ಕೆಂಪು ನವೆಗುಳ್ಳೆ ಏಳುವುದು ಕೊಳಕು ನೀರಿನ ಸ್ಯೂಡೋಮೊನಾಸ್ ಬ್ಯಾಕ್ಟೀರಿಯದಿಂದ. ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ತಾನೇ ಇಳಿಯುತ್ತದೆ.

ಎರಡು ವಾರದೊಳಗೆ ಜ್ವರ, ಒಣಕೆಮ್ಮು, ಏದುಸಿರು ಕಂಡರೆ ಡಾಕ್ಟರಿಗೆ ಕುಂಡದ ಸ್ನಾನದ ಸಂಗತಿ ಹೇಳಿ. ಹನ್ನೆರಡು ದಿನದೊಳಗೆ ವಿಪರೀತ ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ‘ಬಿಸಿನೀರು ಮೂಗಿಗೆ ಹೋಗಿತ್ತು’ ಎಂದು ದೊಡ್ಡಾಸ್ಪತ್ರೆಯಲ್ಲಿ ಮೊದಲ ವಾಕ್ಯದಲ್ಲೇ ಹೇಳಿ. ಅದನ್ನು ಹೇಳದೆ ಹೋದರೆ ಅವರು ಅಮೀಬಾ ಪರೀಕ್ಷೆ ಮಾಡಿಸುವ ಸಂಭವ ಕಡಿಮೆ.

ಮನೆಯಲ್ಲೇ ಆದರೆ

ಮಂಡಿ, ಪಾದದ ನೋವಿಗೆ ಎರಡು ವಾರ ನಿತ್ಯ ಬಿಸಿನೀರು ಬೇಕೆಂದರೆ ಮಣಿಕರಣ್‌ಗೆ ಹೋಗಬೇಕಿಲ್ಲ. ಎತ್ತರದ ಬಕೆಟ್ಟಿಗೆ 16 ಲೀಟರ್ ನಲ್ಲಿ ನೀರು ಹಾಕಿ, ಅದಕ್ಕೆ ಮೂರೂವರೆ ಲೀಟರ್ ಕುದಿಯುವ ನೀರು ಬೆರೆಸಿದರೆ ಬೆಂಗಳೂರು, ಮೈಸೂರಿನ ಹವೆಯಲ್ಲಿ 38–40 ಡಿಗ್ರಿ ಬರುತ್ತದೆ. ತಣ್ಣೀರು ಮೊದಲು, ಬಿಸಿನೀರು ಆಮೇಲೆ, ಕಾಲು ಕೊನೆಗೆ. ಕುಂಡದ ದಡದಲ್ಲಿ ಬೆರೆಸುವವರಿಗೂ ಇದೇ ಕ್ರಮ: 60 ಡಿಗ್ರಿಯ ಒಂದು ಚೊಂಬಿಗೆ 20 ಡಿಗ್ರಿಯ ಒಂದು ಚೊಂಬು ಸರಿಹೋಗುತ್ತದೆ, ಹಿಮಾಲಯದಲ್ಲಿ 90ರ ನೀರಿಗೆ 10ರ ನೀರು ಬೆರೆಸುವುದಾದರೆ ಮೂರು ಚೊಂಬು ಬಿಸಿಗೆ ಐದು ಚೊಂಬು ತಣ್ಣೀರು. ಬಕೆಟ್ಟಿನ ನೀರು 15 ನಿಮಿಷದಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮತ್ತೆ ಬಿಸಿ ಹಾಕುವಾಗ ಕಾಲು ಹೊರಗಿರಲಿ. ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಹಾಕಿದರೆ ಹಾನಿಯಿಲ್ಲ, ಆದರೆ ಮೆಗ್ನೀಸಿಯಂ ಚರ್ಮದ ಮೂಲಕ ಇಳಿದು ನೋವು ಕಳೆಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ. ಆ ದುಡ್ಡಿಗೆ ಥರ್ಮಾಮೀಟರ್ ಕೊಳ್ಳಿ.